ಸಾಕು ಮನೆಗೆ ವರ್ಷಕ್ಕೊಂದು ಪರೀಕ್ಷೆ

ಹೆತ್ತವರ ಬಳಿ ಇರಲಾಗದ ಮಗುವಿಗೆ ಸರ್ಕಾರ ಒಂದು ಮನೆ ಹುಡುಕಿ ಕೊಡುತ್ತದೆ. ಆ ಮನೆ ಇಂದು ಒಳ್ಳೆಯದು. ಮುಂದಿನ ವರ್ಷವೂ ಒಳ್ಳೆಯದಾಗಿಯೇ ಇರುತ್ತದೆಯೇ? ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲೇಬೇಕು ಎಂಬ ಪಾಠವನ್ನು ಇಂಗ್ಲೆಂಡ್ ಕಲಿತದ್ದು 12 ವರ್ಷದ ಹುಡುಗನೊಬ್ಬನ ಸಾವಿನಿಂದ. ನಮ್ಮ ಕಾನೂನು ತಿಂಗಳಿಗೊಮ್ಮೆ ಕೇಳಿ ಎನ್ನುತ್ತದೆ. ಕೇಳುವವರಿಗೆ ಬಿಡುವು ಮಾಡಿಕೊಡುವುದನ್ನು ಮಾತ್ರ ಮರೆತಿದೆ.

1945ರ ಜನವರಿ 9. ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ಮಿನ್‌ಸ್ಟರ್ಲಿ ಬಳಿಯ ಗುಡ್ಡಗಾಡು. ಬ್ಯಾಂಕ್ ಫಾರ್ಮ್ ಎಂಬ ಒಂಟಿ ಹೊಲದ ಮನೆಯಿಂದ ವೈದ್ಯರಿಗೆ ಫೋನ್ ಹೋಯಿತು. ಹುಡುಗನಿಗೆ ಫಿಟ್ಸ್ ಬಂದಿದೆ, ಬೇಗ ಬನ್ನಿ.

ವೈದ್ಯರು ಬಂದು ನೋಡಿದರು. ಹುಡುಗ ಸತ್ತು ಆಗಲೇ ಕೆಲವು ಗಂಟೆ ಕಳೆದಿತ್ತು.

ಅವನ ಹೆಸರು ಡೆನ್ನಿಸ್ ಓನೀಲ್. ಹದಿಮೂರು ತುಂಬಲು ಇನ್ನೆರಡು ತಿಂಗಳಿತ್ತು. ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಕಾಲಿನಲ್ಲಿ ಚಳಿಗೆ ಒಡೆದು ಕೀವು ತುಂಬಿದ ಹುಣ್ಣು. ಬೆನ್ನ ಮೇಲೆ ಕೋಲಿನ ಏಟು, ಎದೆಯ ಮೇಲೆ ಗುದ್ದಿದ ಗುರುತು. ಹೊಟ್ಟೆಗಿಲ್ಲದೆ ಸೊರಗಿದ್ದ ಮೈಗೆ ಈ ಹೊಡೆತ ಬಿದ್ದು ಹೃದಯ ನಿಂತಿತು ಎಂದು ಶವಪರೀಕ್ಷೆ ಹೇಳಿತು.

ಆ ಮನೆ ಅವನ ಹೆತ್ತವರದಲ್ಲ. ಹೆತ್ತವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ನ್ಯಾಯಾಲಯ ಡೆನ್ನಿಸ್ ಮತ್ತು ಅವನ ತಮ್ಮಂದಿರನ್ನು ವೇಲ್ಸ್‌ನ ನ್ಯೂಪೋರ್ಟ್ ಪುರಸಭೆಯ ಸುಪರ್ದಿಗೆ ಒಪ್ಪಿಸಿತ್ತು. ಪುರಸಭೆ 1944ರ ಜೂನ್ ಕೊನೆಯಲ್ಲಿ ಡೆನ್ನಿಸ್‌ನನ್ನು ರೆಜಿನಾಲ್ಡ್ ಮತ್ತು ಎಸ್ತರ್ ಗಾಫ್ ದಂಪತಿಯ ಮನೆಗೆ ಸಾಕಲು ಕೊಟ್ಟಿತು. ವಾರದೊಳಗೆ ತಮ್ಮ ಟೆರೆನ್ಸ್ ಕೂಡ ಅಲ್ಲಿಗೆ ಬಂದ. ನಿರ್ಲಕ್ಷ್ಯದಿಂದ ಬಿಡಿಸಿ ತಂದ ಮಕ್ಕಳನ್ನು ಸರ್ಕಾರವೇ ಅದಕ್ಕಿಂತ ಘೋರವಾದ ಹಿಂಸೆಗೆ ದೂಡಿತ್ತು.

ಸಾಯುವುದಕ್ಕೆ ಇಪ್ಪತ್ತು ದಿನ ಮೊದಲು, ಡಿಸೆಂಬರ್ 20ರಂದು, ನ್ಯೂಪೋರ್ಟ್ ಕಚೇರಿಯ ಸಿಬ್ಬಂದಿಯೊಬ್ಬರು ಆ ಮನೆಗೆ ಹೋಗಿದ್ದರು. ಹುಡುಗನ ಸ್ಥಿತಿ ನೋಡಿ ಗಾಬರಿಯಾಗಿ, ಮಕ್ಕಳನ್ನು ಅಲ್ಲಿಂದ ತೆಗೆಯಬೇಕು ಎಂದು ವರದಿ ಕೊಟ್ಟರು. ವರದಿ ಕಚೇರಿ ಸೇರಿತು. ಕ್ರಿಸ್ಮಸ್ ಬಂತು, ಹೊಸ ವರ್ಷ ಬಂತು. ಹುಡುಗರನ್ನು ಕರೆತರಲು ಯಾರೂ ಹೋಗಲಿಲ್ಲ.

ತಮ್ಮನ ಸಾಕ್ಷಿ

ಮಾರ್ಚ್‌ನಲ್ಲಿ ಸ್ಟ್ಯಾಫರ್ಡ್‌ನ ನ್ಯಾಯಾಲಯದಲ್ಲಿ ಹತ್ತು ವರ್ಷದ ಟೆರೆನ್ಸ್ ನಿಂತು ಸಾಕ್ಷಿ ಹೇಳಿದ. ತಿನ್ನಲು ಕೊಡುತ್ತಿದ್ದುದೇನು, ರಾತ್ರಿ ಹೊಡೆಯುತ್ತಿದ್ದುದು ಹೇಗೆ, ಎಲ್ಲವನ್ನೂ ಹೇಳಿದ. ರೆಜಿನಾಲ್ಡ್‌ಗೆ ನರಹತ್ಯೆಗಾಗಿ ಆರು ವರ್ಷ, ಎಸ್ತರ್‌ಗೆ ನಿರ್ಲಕ್ಷ್ಯಕ್ಕಾಗಿ ಆರು ತಿಂಗಳು ಶಿಕ್ಷೆಯಾಯಿತು.

ಯುದ್ಧ ಇನ್ನೂ ಮುಗಿದಿರಲಿಲ್ಲ. ದಿನವೂ ಸಾವಿನ ಸುದ್ದಿ ಓದುತ್ತಿದ್ದ ದೇಶ ಈ ಒಂದು ಸಾವಿಗೆ ಬೆಚ್ಚಿಬಿತ್ತು. ಸರ್ ವಾಲ್ಟರ್ ಮಾಂಕ್ಟನ್ ತನಿಖೆ ನಡೆಸಿ ಅದೇ ವರ್ಷದ ಮೇ ತಿಂಗಳಲ್ಲಿ ವರದಿ ಕೊಟ್ಟರು. ಮನೆಯನ್ನು ಆರಿಸುವಾಗ ಸರಿಯಾಗಿ ವಿಚಾರಿಸಲಿಲ್ಲ. ಆರಿಸಿದ ಮೇಲೆ ಸರಿಯಾಗಿ ಗಮನಿಸಲಿಲ್ಲ. ಎಚ್ಚರಿಕೆ ಬಂದಾಗ ಎದ್ದು ಓಡಲಿಲ್ಲ. ನ್ಯೂಪೋರ್ಟ್ ಮತ್ತು ಶ್ರಾಪ್‌ಶೈರ್ ಆಡಳಿತಗಳ ನಡುವೆ ಹೊಣೆ ಯಾರದು ಎಂಬ ಗೊಂದಲವೂ ಸೇರಿಕೊಂಡಿತು. ಒಬ್ಬ ಕ್ರೂರಿಯ ಕೈಯಲ್ಲಿ ನಡೆದ ಸಾವಿಗೆ ಹತ್ತಾರು ಸಭ್ಯರ ಆಲಸ್ಯ ದಾರಿ ಮಾಡಿಕೊಟ್ಟಿತ್ತು.

ಮೈರಾ ಕರ್ಟಿಸ್ ಅಧ್ಯಕ್ಷತೆಯ ಸಮಿತಿ 1946ರಲ್ಲಿ ಹೆತ್ತವರಿಂದ ದೂರವಾದ ಎಲ್ಲ ಮಕ್ಕಳ ಪರಿಸ್ಥಿತಿಯನ್ನು ದೇಶದ ಮುಂದಿಟ್ಟಿತು. 1948ರ ಮಕ್ಕಳ ಕಾಯ್ದೆ ಬಂತು. ಸ್ಥಳೀಯ ಆಡಳಿತಗಳು ಮಕ್ಕಳಿಗಾಗಿಯೇ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಬೇಕಾಯಿತು. ಇಂದು ಇಂಗ್ಲೆಂಡಿನಲ್ಲಿ ಸರ್ಕಾರದ ಆಸರೆಯಲ್ಲಿರುವ ಮಕ್ಕಳು 80 ಸಾವಿರಕ್ಕೂ ಹೆಚ್ಚು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಬೆಳೆಯುತ್ತಿರುವುದು ಸಾಕು ಪೋಷಕರ ಮನೆಗಳಲ್ಲಿ.

▌ಚೌಕಟ್ಟು: ಡೆನ್ನಿಸ್ ನಂತರ

• ಅಗಾಥಾ ಕ್ರಿಸ್ಟಿಗೆ 1947ರ ರೇಡಿಯೊ ನಾಟಕ ‘ತ್ರೀ ಬ್ಲೈಂಡ್ ಮೈಸ್’ ಹೊಳೆದದ್ದು ಈ ಪ್ರಕರಣದಿಂದ. ಅದೇ ಬೆಳೆದು ‘ದಿ ಮೌಸ್‌ಟ್ರ್ಯಾಪ್’ ಆಯಿತು. 1952ರಲ್ಲಿ ಲಂಡನ್ನಿನಲ್ಲಿ ಶುರುವಾದ ಆ ನಾಟಕ ಜಗತ್ತಿನಲ್ಲೇ ಅತಿ ದೀರ್ಘಕಾಲ ಓಡಿದ ನಾಟಕ.

• ಸಾಕ್ಷಿ ಹೇಳಿದ ತಮ್ಮ ಟೆರೆನ್ಸ್ 2010ರಲ್ಲಿ ತನ್ನ ಬಾಲ್ಯದ ಕಥೆಯನ್ನು ‘ಸಮ್‌ವನ್ ಟು ಲವ್ ಅಸ್’ ಎಂಬ ಪುಸ್ತಕವಾಗಿ ಬರೆದರು.

ಒಪ್ಪಿಗೆಗೆ ಒಂದೇ ವರ್ಷ ಆಯಸ್ಸು

ದತ್ತು ಬೇರೆ, ಪೋಷಕತ್ವ ಬೇರೆ. ದತ್ತು ಹೋದ ಮಗು ಕಾನೂನಿನ ಪ್ರಕಾರ ಆ ಮನೆಯದೇ ಆಗುತ್ತದೆ. ಪೋಷಕತ್ವದಲ್ಲಿ ಮಗು ಇರುವುದು ಮಾತ್ರ ಆ ಮನೆಯಲ್ಲಿ. ಅಂತಿಮ ಹೊಣೆ ಸರ್ಕಾರದ ಮೇಲೆಯೇ ಇರುತ್ತದೆ. ಹಾಗಾಗಿ ಆ ಮನೆಯ ಯೋಗ್ಯತೆಯನ್ನು ನೋಡುತ್ತಲೇ ಇರುವ ಕರ್ತವ್ಯವೂ ಸರ್ಕಾರದ್ದು.

ಇಂಗ್ಲೆಂಡಿನಲ್ಲಿ ಈಗ ಜಾರಿಯಲ್ಲಿರುವುದು 2011ರ ಪೋಷಕತ್ವ ಸೇವೆಗಳ ನಿಯಮಾವಳಿ. ಅದರ 28ನೇ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾಕು ಪೋಷಕರಾಗಿ ಒಪ್ಪಿಗೆ ಪಡೆದ ಒಂದು ವರ್ಷದೊಳಗೆ ಮೊದಲ ಮರುಪರಿಶೀಲನೆ ಆಗಬೇಕು. ಆಮೇಲೆ ಬೇಕೆನಿಸಿದಾಗಲೆಲ್ಲ ಮಾಡಬಹುದು, ಆದರೆ ಎರಡು ಪರಿಶೀಲನೆಗಳ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರ ಬೀಳುವಂತಿಲ್ಲ. ಹತ್ತು ವರ್ಷ ಸಾಕಿದವರಿಗೂ ಇದೇ ನಿಯಮ.

ಪರಿಶೀಲನೆಯಲ್ಲಿ ಕೇಳುವುದು ಎರಡು ಪ್ರಶ್ನೆ. ಈ ವ್ಯಕ್ತಿ ಈಗಲೂ ಮಗುವನ್ನು ಸಾಕಲು ತಕ್ಕವರೇ? ಈ ಮನೆ, ಅಂದರೆ ಇಲ್ಲಿ ವಾಸಿಸುವ ಎಲ್ಲರೂ ಸೇರಿದ ಮನೆ, ಈಗಲೂ ತಕ್ಕದ್ದೇ?

ಎರಡನೆಯ ಪ್ರಶ್ನೆ ಯಾಕೆ ಬೇಕು? ಮನೆ ನಿಂತ ನೀರಲ್ಲ. ಒಪ್ಪಿಗೆ ಸಿಕ್ಕಾಗ 17 ವರ್ಷದವನಾಗಿದ್ದ ಮನೆಯ ಮಗನಿಗೆ ಈಗ 18 ತುಂಬಿರುತ್ತದೆ. ವಯಸ್ಕನಾದ ಮೇಲೆ ಅವನ ಹಿನ್ನೆಲೆಯೂ ತಪಾಸಣೆಗೆ ಬರುತ್ತದೆ. ಗಂಡನ ಕೆಲಸ ಹೋಗಿರಬಹುದು. ಊರಿನಿಂದ ಅತ್ತೆಯವರು ಬಂದು ನೆಲೆಸಿರಬಹುದು. ಪೋಷಕಿಗೆ ಬೆನ್ನುನೋವು ಶುರುವಾಗಿ ಎರಡು ವರ್ಷದ ಕೂಸನ್ನು ಎತ್ತಿಕೊಳ್ಳಲು ಆಗದೇ ಹೋಗಿರಬಹುದು. ಇದರಲ್ಲಿ ಯಾವುದೂ ಅಪರಾಧವಲ್ಲ. ಆದರೆ ಎಲ್ಲವೂ ಮಗುವಿಗೆ ತಟ್ಟುವ ಸಂಗತಿಗಳು.

ಮೇಜಿನ ಮೇಲೆ ಬರುವುದೇನು?

ಪರಿಶೀಲನೆ ಒಂದು ದಿನದ ಸಭೆಯಂತೆ ಕಂಡರೂ ಅದರ ಹಿಂದೆ ವರ್ಷವಿಡೀ ಕೂಡಿಟ್ಟ ಕಾಗದಗಳಿರುತ್ತವೆ.

ಪೋಷಕರು ಬರೆದಿಟ್ಟ ದಿನಚರಿ ಅಲ್ಲಿರುತ್ತದೆ. ಮಗು ರಾತ್ರಿ ಎಷ್ಟು ಸಲ ಎದ್ದಿತು, ಹೆತ್ತ ತಾಯಿಯನ್ನು ಭೇಟಿಯಾಗಿ ಬಂದ ದಿನ ಊಟ ಬಿಟ್ಟಿತೇ, ಶಾಲೆಯಲ್ಲಿ ಜಗಳವಾಯಿತೇ ಎಂಬ ಸಣ್ಣ ಸಣ್ಣ ನಮೂದುಗಳು. ಆರೋಗ್ಯದ ವಿವರ, ಮುಗಿಸಿದ ತರಬೇತಿಯ ಪಟ್ಟಿ, ಮಗು ಬಿದ್ದು ಪೆಟ್ಟು ಮಾಡಿಕೊಂಡ ಘಟನೆಗಳ ದಾಖಲೆ, ಬಂದ ದೂರುಗಳು, ಬಂದ ಮೆಚ್ಚುಗೆಗಳು ಇರುತ್ತವೆ.

ಜೊತೆಗೆ ಮುಂಚಿತವಾಗಿ ತಿಳಿಸದೆ ಹೋದ ಭೇಟಿಯ ಟಿಪ್ಪಣಿ. ವರ್ಷಕ್ಕೆ ಕನಿಷ್ಠ ಒಂದು ಸಲ ಹೀಗೆ ಹೋಗಲೇಬೇಕು ಎಂದು ರಾಷ್ಟ್ರೀಯ ಮಾನದಂಡ ಹೇಳುತ್ತದೆ. ಬಾಗಿಲು ಬಡಿದಾಗ ಮನೆ ಹೇಗಿದೆಯೋ ಹಾಗೇ ಕಾಣುತ್ತದೆ. ಮಗುವಿಗೆ ಮಲಗಲು ಸ್ವಂತ ಹಾಸಿಗೆ ಇದೆಯೇ? ಮಾತ್ರೆ, ಔಷಧ ಕೈಗೆಟುಕದಂತೆ ಇವೆಯೇ? ಮನೆ ಮಕ್ಕಳು ತಿನ್ನುವುದನ್ನೇ ಈ ಮಗುವೂ ತಿನ್ನುತ್ತಿದೆಯೇ? ದೊಡ್ಡವರು ಒಳಗೆ ಬಂದ ಕೂಡಲೇ ಮಗು ಮುದುಡುತ್ತದೆಯೇ, ಇಲ್ಲ ತನ್ನ ಪಾಡಿಗೆ ಆಡುತ್ತಿರುತ್ತದೆಯೇ? ಅನುಭವಿ ಸಮಾಜ ಕಾರ್ಯಕರ್ತರು ಮೊದಲು ನೋಡುವುದು ಈ ಕೊನೆಯದನ್ನು.

ಇವುಗಳ ಮೇಲೆ ಮೂವರ ಅಭಿಪ್ರಾಯ ಕಡ್ಡಾಯ. ಪೋಷಕರದು, ಮಗುವನ್ನು ಅಲ್ಲಿಗೆ ಕಳಿಸಿದ ಆಡಳಿತದ್ದು, ಮತ್ತು ವಯಸ್ಸು ಹಾಗೂ ತಿಳಿವಳಿಕೆಗೆ ತಕ್ಕಂತೆ ಮಗುವಿನದು.

ಮೊದಲ ಪರಿಶೀಲನೆಯ ವರದಿ ಪೋಷಕತ್ವ ಸಮಿತಿಯ ಮುಂದೆ ಹೋಗುತ್ತದೆ. ಸಮಿತಿ ಶಿಫಾರಸು ಮಾಡುತ್ತದೆ, ತೀರ್ಮಾನ ಪೋಷಕತ್ವ ಸೇವೆ ನೀಡುವ ಸಂಸ್ಥೆಯ ನಿರ್ಧಾರಾಧಿಕಾರಿಯದು. ಒಪ್ಪಿಗೆ ಮುಂದುವರಿಯಬಹುದು. ಎಷ್ಟು ಮಕ್ಕಳು, ಯಾವ ವಯಸ್ಸಿನವರು ಎಂಬ ಷರತ್ತು ಬದಲಾಗಬಹುದು. ಒಪ್ಪಿಗೆ ರದ್ದಾಗಲೂಬಹುದು.

ಮಗುವನ್ನು ಒಂಟಿಯಾಗಿ ಮಾತಾಡಿಸಿ

ಇಡೀ ಪ್ರಕ್ರಿಯೆಯ ಜೀವಾಳ ಇರುವುದು ಇಲ್ಲಿ. ಇಂಗ್ಲೆಂಡಿನಲ್ಲಿ ಮಗುವಿನ ಸಮಾಜ ಕಾರ್ಯಕರ್ತರೇ ಬೇರೆ, ಪೋಷಕರ ಮೇಲ್ವಿಚಾರಣೆ ಮಾಡುವವರೇ ಬೇರೆ. ಮಗು ಆ ಮನೆಗೆ ಹೋದ ಒಂದು ವಾರದೊಳಗೆ ಮೊದಲ ಭೇಟಿ. ಮೊದಲ ವರ್ಷ ಆರು ವಾರಕ್ಕಿಂತ ಹೆಚ್ಚು ಅಂತರ ಬಿಡುವಂತಿಲ್ಲ. ಹೋದವರು ಮಗುವನ್ನು ಒಂಟಿಯಾಗಿ ಮಾತಾಡಿಸಬೇಕು.

ಪೋಷಕರು ಸೋಫಾದ ಮೇಲೆ ಕುಳಿತಿರುವಾಗ ‘ಚೆನ್ನಾಗಿದ್ದೀಯಾ ಪುಟ್ಟಾ?’ ಎಂದು ಕೇಳಿದರೆ ಯಾವ ಮಗು ತಾನೇ ‘ಇಲ್ಲ’ ಎನ್ನುತ್ತದೆ? ಮಾತು ಬಾರದ ಮಕ್ಕಳ ಎದುರು ಬಣ್ಣದ ಪೆನ್ಸಿಲ್ ಇಡುತ್ತಾರೆ. ಮನೆಯ ಚಿತ್ರ ಬರೆಯಲು ಹೇಳುತ್ತಾರೆ. ಯಾರನ್ನು ಎಲ್ಲಿ ನಿಲ್ಲಿಸಿತು, ತನ್ನನ್ನು ಎಲ್ಲಿ ನಿಲ್ಲಿಸಿಕೊಂಡಿತು ಎಂದು ಗಮನಿಸುತ್ತಾರೆ. ಹಿಂದಿದ್ದು ಬಿಟ್ಟುಹೋದ ಮಕ್ಕಳ ಮಾತನ್ನೂ ಕೇಳುವ ಸಂಸ್ಥೆಗಳಿವೆ. ಮನೆ ಬಿಟ್ಟ ಮೇಲೆ ಮಗುವಿನ ಬಾಯಿ ಬಿಚ್ಚುತ್ತದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಹೆರದ ಮನೆಯಲ್ಲಿ ಆ ಮುದ್ದು ಹುಟ್ಟಿದೆಯೇ ಎಂದು ಹೇಳಬಲ್ಲ ಏಕೈಕ ಸಾಕ್ಷಿ ಮಗು. ಟೆರೆನ್ಸ್ ನ್ಯಾಯಾಲಯದಲ್ಲಿ ಹೇಳಿದ್ದನ್ನು ಅವನಿಂದ ಆರು ತಿಂಗಳು ಮೊದಲೇ ಯಾರಾದರೂ ಕೇಳಿ ತಿಳಿದಿದ್ದರೆ ಅವನ ಅಣ್ಣ ಬದುಕುತ್ತಿದ್ದ.

ಪೋಷಕರಿಗೂ ನ್ಯಾಯ

ಇಷ್ಟನ್ನು ಓದಿದವರಿಗೆ ಪೋಷಕರೆಂದರೆ ಅನುಮಾನಿತರ ಸಾಲು ಎನಿಸಿದರೆ ಅದು ತಪ್ಪು. ಸಾಕು ಪೋಷಕರಲ್ಲಿ ಹೆಚ್ಚಿನವರು ಯಾರದೋ ಮಗುವಿಗಾಗಿ ನಿದ್ದೆಗೆಟ್ಟವರು. ಹಾಸಿಗೆ ಒದ್ದೆ ಮಾಡುವ, ಊಟ ಬಚ್ಚಿಡುವ, ಮುಟ್ಟಲು ಹೋದರೆ ಕಚ್ಚುವ ಮಕ್ಕಳನ್ನು ತಿಂಗಳುಗಟ್ಟಲೆ ತಾಳ್ಮೆಯಿಂದ ಹತ್ತಿರ ತಂದುಕೊಂಡವರು. ಮಗು ಹೆತ್ತವರ ಬಳಿಗೆ ಮರಳುವ ದಿನ ಬಟ್ಟೆಬರೆ ಜೋಡಿಸಿ ಕೊಟ್ಟು, ಬಾಗಿಲು ಹಾಕಿಕೊಂಡು ಅಳುವವರು.

ಅಂಥವರಿಗೆ ಪರಿಶೀಲನೆ ಊರುಗೋಲಾಗಬೇಕು. ‘ನಿಮ್ಮನ್ನು ನಾವು ಸರಿಯಾಗಿ ಬೆಂಬಲಿಸಿದ್ದೇವೆಯೇ? ರಾತ್ರಿ ಹೊತ್ತು ಫೋನ್ ಮಾಡಿದರೆ ಯಾರಾದರೂ ಎತ್ತಿಕೊಂಡರೇ? ನಿಮಗೆ ನಾಲ್ಕು ದಿನದ ಬಿಡುವು ಬೇಕೇ?’ ಎಂಬ ಪ್ರಶ್ನೆಗಳೂ ಅಲ್ಲಿ ಬರಬೇಕು. ದಣಿದ ಪೋಷಕರನ್ನು ಸಮಯಕ್ಕೆ ಗುರುತಿಸಿದರೆ ಒಂದು ಒಳ್ಳೆಯ ಮನೆ ಉಳಿಯುತ್ತದೆ. ಗುರುತಿಸದಿದ್ದರೆ ಮಗು ಮತ್ತೊಮ್ಮೆ ಗಂಟುಮೂಟೆ ಕಟ್ಟಬೇಕಾಗುತ್ತದೆ.

ದೂರು ಬಂದಾಗ ಪೋಷಕರ ಪಾಡು ಕಷ್ಟದ್ದು. ತನಿಖೆ ಮುಗಿಯುವ ಮೊದಲೇ ಮಗುವನ್ನು ಬೇರೆಡೆಗೆ ಕಳಿಸಬಹುದು. ಮಗುವಿನ ಸುರಕ್ಷತೆಗೆ ಅದು ಬೇಕಾಗಬಹುದು, ಆದರೆ ಆರೋಪ ಸುಳ್ಳಾಗಿದ್ದರೆ ಮನೆಯವರಿಗೂ ಮಗುವಿಗೂ ಆಗುವ ಗಾಯ ಸಣ್ಣದಲ್ಲ. ಹಾಗಾಗಿ ತನಿಖೆಯ ವೇಳೆ ಪೋಷಕರಿಗೆ ಸಂಸ್ಥೆಯ ಹೊರಗಿನ ಸ್ವತಂತ್ರ ನೆರವು ಸಿಗಬೇಕು ಎಂದು ಮಾನದಂಡ ಹೇಳುತ್ತದೆ. ಒಪ್ಪಿಗೆ ರದ್ದು ಮಾಡುವ ಯೋಚನೆಯಿದ್ದರೆ ಕಾರಣಸಹಿತ ಲಿಖಿತ ನೋಟಿಸ್ ಕೊಡಬೇಕು. ಉತ್ತರಿಸಲು 28 ದಿನ ಅವಕಾಶ.

▌ಚೌಕಟ್ಟು: ಒಪ್ಪಿಗೆ ಹೋದರೆ ಎಲ್ಲಿಗೆ ಹೋಗುವುದು?

• ನೋಟಿಸ್ ಬಂದ 28 ದಿನದೊಳಗೆ ಇಂಗ್ಲೆಂಡಿನ ಪೋಷಕರು ಸಂಸ್ಥೆಗೇ ಲಿಖಿತ ಉತ್ತರ ಕೊಡಬಹುದು, ಇಲ್ಲವೇ ಸ್ವತಂತ್ರ ಮರುಪರಿಶೀಲನಾ ವ್ಯವಸ್ಥೆಗೆ ಅರ್ಜಿ ಹಾಕಬಹುದು. ಎರಡನ್ನೂ ಒಟ್ಟಿಗೆ ಮಾಡುವಂತಿಲ್ಲ.

• ಸಾಕು ಪೋಷಕರಿಗೆ ಈ ಸ್ವತಂತ್ರ ವ್ಯವಸ್ಥೆಯ ಬಾಗಿಲು ತೆರೆದದ್ದು 2009ರಲ್ಲಿ.

• ಅದರ ಶಿಫಾರಸನ್ನು ಸಂಸ್ಥೆ ಪರಿಗಣಿಸಲೇಬೇಕು. ಆದರೆ ಕೊನೆಯ ತೀರ್ಮಾನ ಸಂಸ್ಥೆಯದೇ.

• ಪೋಷಕರು ತಾವಾಗಿ ಬಿಡುತ್ತೇವೆಂದು ಬರೆದುಕೊಟ್ಟರೆ 28 ದಿನಕ್ಕೆ ಒಪ್ಪಿಗೆ ತಾನೇ ಕೊನೆಗೊಳ್ಳುತ್ತದೆ.

ಆರಿಸಿದವರೇ ಹೊಣೆ

2017ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ಮಹತ್ವದ ತೀರ್ಪು ಕೊಟ್ಟಿತು. 1980ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ಶೈರ್‌ನ ಸಾಕು ಮನೆಗಳಲ್ಲಿ ದೌರ್ಜನ್ಯಕ್ಕೆ ಒಳಗಾಗಿದ್ದ ಹೆಣ್ಣುಮಗಳೊಬ್ಬರು ದೊಡ್ಡವರಾದ ಮೇಲೆ ಅಲ್ಲಿನ ಕೌಂಟಿ ಕೌನ್ಸಿಲ್ ವಿರುದ್ಧ ದಾವೆ ಹೂಡಿದ್ದರು. ಪೋಷಕರನ್ನು ಆರಿಸುವುದರಲ್ಲಿ, ಮೇಲ್ವಿಚಾರಣೆಯಲ್ಲಿ ಕೌನ್ಸಿಲ್‌ನ ನಿರ್ಲಕ್ಷ್ಯ ಕಂಡುಬಂದಿರಲಿಲ್ಲ. ಆದರೂ ಆ ಪೋಷಕರ ಕೃತ್ಯಕ್ಕೆ ಕೌನ್ಸಿಲ್ ಹೊಣೆ ಹೊರಬೇಕು ಎಂದು ನ್ಯಾಯಾಲಯ ಹೇಳಿತು.

ಪೋಷಕರನ್ನು ಆರಿಸಿ, ತರಬೇತಿ ಕೊಟ್ಟು, ಮಗುವನ್ನು ಅವರ ಕೈಗೆ ಒಪ್ಪಿಸಿದ್ದು ಆಡಳಿತ. ಅವರು ಮಾಡುತ್ತಿದ್ದುದು ಆಡಳಿತದ ಕೆಲಸವನ್ನೇ. ಹೀಗಿರುವಾಗ ಅದು ಅವರ ಮನೆಯೊಳಗಿನ ವಿಷಯ ಎಂದು ದೂರ ನಿಲ್ಲಲು ಬಾರದು. ಈ ತೀರ್ಪಿನ ಬೆಳಕಿನಲ್ಲಿ ನೋಡಿದರೆ ವಾರ್ಷಿಕ ಪರಿಶೀಲನೆ ಕಡತ ತುಂಬಿಸುವ ಕೆಲಸವಲ್ಲ ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ಮನೆಗಳತ್ತ

ಪರರ ಮಕ್ಕಳಿಗೆ ಮನೆಯಲ್ಲಿ ಎಲೆ ಹಾಕುವುದು ಕನ್ನಡ ನಾಡಿಗೆ ಹೊಸದಲ್ಲ. ವಾರಾನ್ನ ಉಂಡು ಓದಿದವರ ತಲೆಮಾರುಗಳೇ ನಮ್ಮಲ್ಲಿವೆ. ಅನಾಥ ಮಗುವನ್ನು ಸೋದರಮಾವನೋ ದೊಡ್ಡಮ್ಮನೋ ಮನೆಗೆ ಕರೆದುಕೊಂಡು ಬಂದು ಸಾಕಿದ ಕಥೆ ಪ್ರತಿ ಊರಲ್ಲೂ ಇದೆ. ಆ ಮನೆಗಳಲ್ಲಿ ಪ್ರೀತಿ ಉಂಡ ಮಕ್ಕಳಿದ್ದರು. ಮುಸುರೆ ತಿಕ್ಕಿ, ದನ ಕಾದು, ಉಳಿದದ್ದನ್ನು ತಿಂದ ಮಕ್ಕಳೂ ಇದ್ದರು. ಅಂದು ನೋಡುವವರು, ಕೇಳುವವರು ಇರಲಿಲ್ಲ.

ಇಂದು ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಪೋಷಕತ್ವವನ್ನು ವಿವರಿಸುತ್ತದೆ. ಕುಟುಂಬದ ಸಾಮರ್ಥ್ಯ, ಉದ್ದೇಶ, ಹಿಂದಿನ ಅನುಭವ ನೋಡಿ ಆಯ್ಕೆ ಮಾಡಬೇಕು. ಒಡಹುಟ್ಟಿದವರನ್ನು ಆದಷ್ಟು ಒಟ್ಟಿಗೆ ಇಡಬೇಕು. ಮಗುವಿನ ಊಟ, ಓದು, ಆರೋಗ್ಯದ ಹೊಣೆ ಆ ಕುಟುಂಬದ್ದು. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ.

ಮರುಪರಿಶೀಲನೆಯ ವಿಷಯದಲ್ಲಿ ನಮ್ಮ ಕಾಯ್ದೆ ಇಂಗ್ಲೆಂಡಿಗಿಂತ ಬಿಗಿ. ಮಕ್ಕಳ ಕಲ್ಯಾಣ ಸಮಿತಿ ಪ್ರತಿ ತಿಂಗಳೂ ಸಾಕು ಕುಟುಂಬದ ತಪಾಸಣೆ ಮಾಡಬೇಕು. ಆರೈಕೆಯಲ್ಲಿ ಕೊರತೆ ಕಂಡರೆ ಮಗುವನ್ನು ಬೇರೆ ಸಾಕು ಕುಟುಂಬಕ್ಕೆ ವರ್ಗಾಯಿಸಬೇಕು. ಒಂದು ವರ್ಷ ಮೀರಿದ ಪೋಷಕತ್ವವನ್ನು ಮಗು ಮತ್ತು ಕುಟುಂಬದ ಹೊಂದಾಣಿಕೆಯನ್ನು ಅಳೆದು ನೋಡಿಯೇ ವಿಸ್ತರಿಸಬೇಕು ಎಂಬುದು ಪೋಷಕತ್ವದ ಮಾದರಿ ಮಾರ್ಗಸೂಚಿಯ ಮಾತು.

ತಿಂಗಳಿಗೊಮ್ಮೆ ಹೋಗುವವರು ಯಾರು? ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಇರುವುದು ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ತಿಂಗಳಲ್ಲಿ ಕನಿಷ್ಠ 20 ದಿನ ಅವರು ಸಭೆ ಸೇರಬೇಕು ಎಂದು ಅದೇ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಭಿಕ್ಷೆ ಬೇಡುವಾಗ ಸಿಕ್ಕ ಮಗು, ಬಾಲ್ಯವಿವಾಹದಿಂದ ಬಿಡಿಸಿದ ಹುಡುಗಿ, ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಕುಳಿತಿದ್ದವನು, ಎಲ್ಲರೂ ಬರುವುದು ಇವರ ಮುಂದೆಯೇ. ಮಕ್ಕಳ ಪಾಲನಾ ಸಂಸ್ಥೆಗೆ ಕೊಟ್ಟ ಭೇಟಿಯನ್ನು ಸಮಿತಿಯ ಸಭೆಯೆಂದೇ ಲೆಕ್ಕಕ್ಕೆ ಹಿಡಿಯಬಹುದು ಎಂದೂ ಆ ಕಲಂನಲ್ಲಿದೆ. ಸಾಕು ಮನೆಗೆ ಕೊಟ್ಟ ಭೇಟಿಯ ಹೆಸರು ಅಲ್ಲಿಲ್ಲ.

ಬಾಲಮಂದಿರಕ್ಕೆ ಹೋದರೆ ಅದು ಸಭೆ. ತಾಲ್ಲೂಕಿನ ಮೂಲೆಯ ಹಳ್ಳಿಯಲ್ಲಿರುವ ಸಾಕು ಮನೆಗೆ ಅರ್ಧ ದಿನ ಪ್ರಯಾಣ ಮಾಡಿ ಮಗುವನ್ನು ನೋಡಿಬಂದರೆ ಅದು ಲೆಕ್ಕಕ್ಕಿಲ್ಲ. ಮಗುವಿಗೆ ಕುಟುಂಬವೇ ಮೊದಲ ಆಯ್ಕೆ, ಸಂಸ್ಥೆ ಕೊನೆಯ ದಾರಿ ಎಂದು ಸಾರುವ ಕಾಯ್ದೆಯಲ್ಲಿ ಈ ಕೊರತೆ ಉಳಿಯಬಾರದು.

▌ಚೌಕಟ್ಟು: ನಮ್ಮಲ್ಲಿ ಪೋಷಕತ್ವ

• 2024ರ ಮಾದರಿ ಮಾರ್ಗಸೂಚಿ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಅವಕಾಶ ಕೊಟ್ಟಿದೆ. ಒಂಟಿ ಮಹಿಳೆ ಗಂಡುಮಗು, ಹೆಣ್ಣುಮಗು ಇಬ್ಬರನ್ನೂ ಸಾಕಬಹುದು. ಒಂಟಿ ಪುರುಷನಿಗೆ ಗಂಡುಮಗು ಮಾತ್ರ.

• ದಂಪತಿಯಾದರೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಇರಬೇಕು.

• ಸಾಕಿದ ಮಗುವನ್ನು ಎರಡು ವರ್ಷದ ನಂತರ ದತ್ತು ಪಡೆಯಲು ದಾರಿಯಿದೆ. ಮೊದಲು ಇದು ಐದು ವರ್ಷವಿತ್ತು.

• ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿದರೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ.

ಆಗಬೇಕಾದದ್ದು

ಹೊಸ ಮಾರ್ಗಸೂಚಿಯಿಂದ ಬಾಗಿಲು ಅಗಲವಾಗಿದೆ. ಹೆಚ್ಚು ಮನೆಗಳು ಮುಂದೆ ಬರಲಿ, ಬಾಲಮಂದಿರದ ಸಾಲುಮಂಚದಲ್ಲಿ ಮಲಗುವ ಮಕ್ಕಳಿಗೆ ಮನೆಯೂಟ ಸಿಗಲಿ. ಆದರೆ ಮನೆಗಳು ಹೆಚ್ಚಿದಷ್ಟೂ ಅವುಗಳತ್ತ ಮರಳಿ ಹೋಗುವ ಕಾಲುಗಳೂ ಹೆಚ್ಚಬೇಕು.

ಅದಕ್ಕೆ ಮೂರು ಕೆಲಸ ತಡವಿಲ್ಲದೆ ಆಗಬೇಕು. ಸಾಕು ಮನೆಯ ತಪಾಸಣೆಯನ್ನೂ ಮಕ್ಕಳ ಕಲ್ಯಾಣ ಸಮಿತಿಯ ಸಭೆಯೆಂದು ಪರಿಗಣಿಸಿ, ಓಡಾಟಕ್ಕೆ ವಾಹನ, ಜೊತೆಗೆ ತರಬೇತಾದ ಸಿಬ್ಬಂದಿ ಕೊಡಬೇಕು. ಪ್ರತಿ ಭೇಟಿಯಲ್ಲೂ ಮಗುವನ್ನು ಒಂಟಿಯಾಗಿ ಮಾತಾಡಿಸಿ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಬೇಕು. ತಿಂಗಳ ತಪಾಸಣೆಗಳನ್ನೆಲ್ಲ ಮುಂದಿಟ್ಟುಕೊಂಡು ವರ್ಷಕ್ಕೊಮ್ಮೆ ಆ ಕುಟುಂಬದ ಬಗ್ಗೆ ಹೊಸದಾಗಿ ತೀರ್ಮಾನಿಸಬೇಕು; ಒಪ್ಪಿಗೆ ಮುಂದುವರಿಸಿದರೂ, ನಿಲ್ಲಿಸಿದರೂ ಕಾರಣವನ್ನು ಕುಟುಂಬಕ್ಕೆ ಬರಹದಲ್ಲಿ ಕೊಡಬೇಕು.

ಸಾಕು ಪೋಷಕರಾಗುವ ಮನಸ್ಸಿರುವ ಓದುಗರು ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕವನ್ನು ಸಂಪರ್ಕಿಸಿ. ಮನೆ ನೋಡಲು ಅಧಿಕಾರಿ ಬಂದಾಗ ಅದನ್ನು ಅವಮಾನವೆಂದು ಎಣಿಸಬೇಡಿ. ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ನೀವೇ ಕೇಳಿ. ಪಕ್ಕದ ಮನೆಯಲ್ಲಿ ಸಾಕಲು ತಂದ ಮಗು ಸೊರಗುತ್ತಿರುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಅದು ಉಚಿತ.